ದೇವರ ಚಿತ್ರದ ಕ್ಲಿಪ್ಪು

ದೆವ್ವ, ಗಾಳಿ, ಸೋಕು ಇವೆಲ್ಲ ಮಾಡಲು ಕೆಲಸವಿಲ್ಲದವರ ಮಾತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದವಳು. ಹೇಳುವುದಷ್ಟೇ ಅಲ್ಲ, ಅಂಥ ಮಾತಾಡುವವರ ಎದುರಿಗೇ ನಗುತ್ತಿದ್ದೆ. ಹಾನಗಲ್ಲಿನಲ್ಲಿ ಹೆಣ್ಣುಮಕ್ಕಳಿಗೆ ಕಾರು ಓಡಿಸಲು ಕಲಿಸುವುದು ನನ್ನ ಕೆಲಸ. ಗಾಡಿಯಲ್ಲಿ ಸದ್ದು ಬಂದರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ಕಲಿಯಲು ಬಂದವರಿಗೆಲ್ಲ ಹೇಳುತ್ತೇನೆ. ಈಗಲೂ ನಾನು ನಂಬುವುದು ಅದನ್ನೇ. ಆದರೆ ಒಂದು ಸದ್ದಿನ ಕಾರಣ ಮಾತ್ರ ನನಗೆ ಇವತ್ತಿಗೂ ಸಿಕ್ಕಿಲ್ಲ. ಓದುವವರು ನಗುವುದಾದರೆ ನಗಲಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಬರುವ ಒಬ್ಬರ ಮೇಲೆ ನನಗೆ ಹೊಟ್ಟೆಯಲ್ಲಿ ಬೆಂಕಿಯಿದೆ. ಅವರು ನನ್ನ ಅಕ್ಕನ ಗಂಡ. ಅಕ್ಕಿಆಲೂರಿನಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಾರೆ. ನಾನು ಅವರನ್ನು ಮಾಮಾ ಎಂದು ಕರೆಯುತ್ತೇನೆ, ಬಾಯಿಗೆ ರೂಢಿಯಾಗಿಬಿಟ್ಟಿದೆ.

ಮಾಮಾ ತಮ್ಮ ಮೊದಲ ಕಾರು ತಂದಾಗ ಪೂಜೆಗೆ ನಾವೆಲ್ಲ ಹೋಗಿದ್ದೆವು. ಆ ಕಾರಿನ ಮುಂದಿನ ಎಡಸೀಟಿನಲ್ಲಿ ಯಾರಾದರೂ ಬೆಲ್ಟು ಹಾಕದೆ ಕೂತರೆ ಟಿಣ್ ಟಿಣ್ ಎಂದು ಬಡಿದುಕೊಳ್ಳುತ್ತಿತ್ತು. ಮಾಮಾ ಅದಕ್ಕೆ ‘ಮೂದೇವಿ’ ಎಂದು ಹೆಸರಿಟ್ಟಿದ್ದರು. ಅದರ ಬಾಯಿ ಮುಚ್ಚಿಸಲು ಗಾಡಿ ಸಾಮಾನಿನ ಅಂಗಡಿಯಿಂದ ಒಂದು ಕ್ಲಿಪ್ಪು ತಂದಿದ್ದರು. ಬೆಲ್ಟಿನ ತುದಿಯಲ್ಲಿ ಇರುತ್ತದಲ್ಲ, ಅಂಥದೇ ಲೋಹದ ತುಂಡು. ಬೆಲ್ಟು ಸಿಕ್ಕಿಸುವ ಕಡೆ ಅದನ್ನು ಒತ್ತಿಬಿಟ್ಟರೆ, ಕೂತವರು ಬೆಲ್ಟು ಹಾಕಿದ್ದಾರೆ ಎಂದುಕೊಂಡು ಗಾಡಿ ಸುಮ್ಮನಾಗುತ್ತದೆ. ಅವರು ತಂದ ಕ್ಲಿಪ್ಪಿನ ತಲೆಯ ಮೇಲೆ ಶಿವನ ಚಿತ್ರ ಇತ್ತು. ಪೂಜೆಗೆ ಬಂದ ಅಯ್ಯನವರು ಸ್ಟೇರಿಂಗಿಗೆ ವಿಭೂತಿ ಬಳಿದವರು, ಪಕ್ಕದಲ್ಲಿ ಶಿವ ಕಂಡನೆಂದು ಕ್ಲಿಪ್ಪಿಗೂ ಬಳಿದು ಕುಂಕುಮ ಇಟ್ಟರು. ಅಷ್ಟೇ, ಅವತ್ತಿನಿಂದ ಅದು ದೇವರಾಗಿಬಿಟ್ಟಿತು.

ನನ್ನ ಅಕ್ಕ ಪೂಜೆಯಾಗದೆ ಬಾಯಿಗೆ ನೀರು ಹಾಕದವಳು. ಒಮ್ಮೆ ನಾನು ಅವಳ ಜೊತೆ ಆ ಕಾರಿನಲ್ಲಿ ಹೋಗುವಾಗ, ಅದನ್ನು ಕಿತ್ತು ಒಗೆದು ಬೆಲ್ಟು ಹಾಕಿಕೋ ಎಂದು ಬೈದೆ. ಅವಳು ಕ್ಲಿಪ್ಪಿನ ಕಡೆ ನೋಡಿ, “ದೇವ್ರ ಚಿತ್ರ ಐತಲ್ಲ, ಕಿತ್ತು ಎಲ್ಲಿ ಇಡ್ಲಿ? ಅವ್ರೂ ಬೈತಾರ” ಎಂದಳು. ಮಾಮಾ ಮಾತ್ರ ತಮ್ಮ ಬೆಲ್ಟನ್ನು ತಪ್ಪದೆ ಹಾಕುತ್ತಿದ್ದರು. ಪೊಲೀಸರು ಹಿಡಿಯುವುದು ಓಡಿಸುವವನನ್ನು ತಾನೇ.

ತಿಳವಳ್ಳಿ ದಾಟಿ ಹಿರೇಕೆರೂರಿನ ಕಡೆ ಹೋಗುವಾಗ ಒಂದು ತಿರುವಿದೆ, ಪಕ್ಕದಲ್ಲಿ ದೊಡ್ಡ ಹುಣಸೆಮರ. ಒಂದು ರಾತ್ರಿ ಗೋವಿನಜೋಳ ಹೇರಿಕೊಂಡ ಟ್ರ್ಯಾಕ್ಟರೊಂದು ಹಿಂದೆ ಕೆಂಪು ದೀಪವಿಲ್ಲದೆ ಅಲ್ಲಿ ನಿಂತಿತ್ತು. ಮಾಮಾ ಹೋಗಿ ಅದಕ್ಕೆ ಗುದ್ದಿದರು. ಅವರಿಗೆ ಎದೆಯ ಮೇಲೆ ಬೆಲ್ಟು ಒತ್ತಿದ ಕಂದು ಗೆರೆ, ಅಷ್ಟೇ. ಬೆಲ್ಟಿಲ್ಲದೆ ಪಕ್ಕದಲ್ಲಿ ಕೂತಿದ್ದ ಅಕ್ಕ ಜಾಗದಲ್ಲೇ ಹೋದಳು.

ಅಕ್ಕನ ಮಣ್ಣಿಗೆ ಬಂದವರ ಮುಂದೆ ಮಾಮಾ ಅತ್ತುಕೊಂಡು ಒಂದು ಮಾತು ಹೇಳಿದರು: “ಬೆಲ್ಟ್ ಹಾಕ್ಕೋ ಅಂತ ಬಡಕೊಂಡೆ, ಆಕಿ ಕೇಳಲಿಲ್ಲ. ಹಟಮಾರಿ ಇದ್ಲು.” ಊರೆಲ್ಲ ಅದನ್ನೇ ನಂಬಿತು. ಜಜ್ಜಿಹೋದ ಕಾರನ್ನು ಶಿಗ್ಗಾವಿಯ ಗ್ಯಾರೇಜೊಂದರ ಅಂಗಳದಲ್ಲಿ ಹಾಕಿದ್ದರು. ಅಕ್ಕನ ಸಾಮಾನು ತರಲು ಹೋದವಳು ನಾನು. ಕ್ಲಿಪ್ಪು ಇನ್ನೂ ಅಲ್ಲೇ ಕಚ್ಚಿಕೊಂಡು ಕೂತಿತ್ತು, ಒಂದು ಮೂಲೆ ಮಣಿದಿತ್ತು. ಕಿತ್ತು ತಂದು ಅವ್ವನಿಗೆ ತೋರಿಸಿದೆ. ಮಾಮಾ, ಅದನ್ನು ಅಕ್ಕನೇ ತರಿಸಿ ಹಾಕಿಸಿಕೊಂಡಿದ್ದಳು ಎಂದರು. ಪೂಜೆಯ ದಿನ ಅವ್ವ ಕಾರಿನಿಂದ ದೂರ ನಿಂತಿದ್ದಳು, ಕಾರಿನೊಳಗೆ ನಡೆದದ್ದನ್ನು ಅವಳು ನೋಡಿರಲಿಲ್ಲ. ಹೋದ ಮಗಳು ಬರುವುದಿಲ್ಲ, ಇದ್ದವರ ಜೊತೆ ಜಗಳ ಬೇಡ ಎಂದು ನನ್ನ ಬಾಯಿ ಮುಚ್ಚಿಸಿದಳು. ಸತ್ತವಳ ತಲೆಯ ಮೇಲೆ ತನ್ನ ತಪ್ಪು ಹೊರಿಸಿದ ಮನುಷ್ಯ ನಮ್ಮ ಮನೆಗೆ ಹಬ್ಬಕ್ಕೆ ಬಂದು ಹೋಳಿಗೆ ಉಂಡು ಹೋಗುತ್ತಿದ್ದ. ನಾನು ಬಡಿಸುತ್ತಿದ್ದೆ. ಬಡಿಸುವಾಗ ಏನೇನು ಅಂದುಕೊಳ್ಳುತ್ತಿದ್ದೆ ಎಂದು ಬರೆದರೆ ಚೆನ್ನಾಗಿರುವುದಿಲ್ಲ.

ಅವರ ಬಾಯಿಂದಲೇ, ಅವ್ವನ ಎದುರಿಗೇ, ನಿಜ ಹೊರಡಿಸಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ. ಕ್ಲಿಪ್ಪನ್ನು ಪರ್ಸಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೆ.

ಹೀಗಿರುವಾಗ ಮಾಮಾ ಎರಡನೇ ಕಾರು ತಂದರು. ಅದೇ ಕಂಪನಿಯದು, ಆದರೆ ಸೌಕರ್ಯ ನೂರೆಂಟು. ಕೀಲಿ ಜೇಬಿನಲ್ಲಿದ್ದರೆ ಬಾಗಿಲು ತೆರೆಯುತ್ತದೆ, ಕತ್ತಲಾದರೆ ದೀಪ ತಾನೇ ಹತ್ತುತ್ತದೆ, ಮಳೆ ಬಂದರೆ ವೈಪರ್ ತಾನೇ ಆಡುತ್ತದೆ, ವೇಗ ಇಷ್ಟೇ ಇರಲಿ ಎಂದು ಗುಂಡಿ ಒತ್ತಿದರೆ ಕಾಲು ತೆಗೆದರೂ ಓಡುತ್ತದೆ. ಯಾವುದನ್ನು ಹೇಗೆ ನಡೆಸುವುದೆಂದು ತಿಳಿಯದೆ ಕಲಿಸಿಕೊಡಲು ನನ್ನನ್ನೇ ಕರೆದರು. ನಾಚಿಕೆ ಅನ್ನುವುದು ಎಲ್ಲರಿಗೂ ಇರುವುದಿಲ್ಲ. ನಾನು ಹೋದೆ, ಕಲಿಸಿದೆ. ವೇಗದ ಗುಂಡಿಯನ್ನು ನಮ್ಮ ರಸ್ತೆಯಲ್ಲಿ ಒತ್ತಲೇಬೇಡಿ, ಅರ್ಧ ಡಾಂಬರಿನ ಮೇಲೆ ಜನ ಗೋವಿನಜೋಳ ಒಣಗಿಸಿರುತ್ತಾರೆ ಎಂದೆ. ದೀಪ ತಾನೇ ಹತ್ತುತ್ತದೆಂದು ಕಣ್ಣು ಮುಚ್ಚಿಕೊಳ್ಳಬೇಡಿ ಎಂದೆ. ಯಾವ ಸೀಟಿನಲ್ಲಿ ಕೂತವರು ಬೆಲ್ಟು ಹಾಕಿಲ್ಲ ಎಂಬುದನ್ನು ಪರದೆಯ ಮೇಲೆ ಕೆಂಪು ಗೊಂಬೆ ತೋರಿಸುತ್ತದೆ ಎಂದೂ ಹೇಳಿದೆ. ಅವರು ಬೇರೆ ಕಡೆ ನೋಡುತ್ತಿದ್ದರು.

ಆ ಕಾರು ತಂದದ್ದು ಯಾಕೆಂದು ಆಮೇಲೆ ತಿಳಿಯಿತು. ಹಿರೇಕೆರೂರಿನಲ್ಲಿ ಒಂದು ಹೆಣ್ಣು ನೋಡಿದ್ದರು. ಹೆಂಡತಿ ತೀರಿಕೊಂಡವನು ಮತ್ತೆ ಮದುವೆಯಾಗುವಾಗ ಮೊದಲ ಹೆಂಡತಿಯ ತವರಿನವರು ಮುಂದೆ ನಿಂತು ಒಪ್ಪಬೇಕು, ಬರುವವಳು ಆ ಮನೆಗೂ ಮಗಳು ಎನ್ನುವುದು ನಮ್ಮಲ್ಲಿ ನಡೆದುಬಂದದ್ದು. ಅವ್ವ ಹೊರಟಳು. ನಾನೂ ಜೊತೆಗೆ ಹೊರಟೆ. ಅಕ್ಕ ಕೂರುತ್ತಿದ್ದ ಕಡೆ ನಾನು ಕೂರಲಾರೆ ಎಂದು ಅವ್ವನ ಜೊತೆ ಹಿಂದಿನ ಸೀಟಿನಲ್ಲೇ ಕೂತೆ. ಮುಂದಿನ ಎಡಸೀಟು ಹೋಗುವಾಗಲೂ ಖಾಲಿ, ಬರುವಾಗಲೂ ಖಾಲಿ.

ಹೆಣ್ಣು ಒಳ್ಳೆಯವಳು. ಹೊಲಿಗೆ ಹೇಳಿಕೊಡುತ್ತಾಳಂತೆ. ಉಪ್ಪಿಟ್ಟು ತಂದಿಟ್ಟು ಅವ್ವನ ಕಾಲಿಗೆ ನಮಸ್ಕಾರ ಮಾಡಿದಳು. ಅವಳ ಅಪ್ಪ ಮೊದಲ ಹೆಂಡತಿ ಹೇಗೆ ಹೋದರೆಂದು ಮೆಲ್ಲಗೆ ಕೇಳಿದರು. ಮಾಮಾ ಕಣ್ಣೊರೆಸಿಕೊಂಡು ಅದೇ ಪಾಠ ಒಪ್ಪಿಸಿದರು, ಹಟಮಾರಿ ಇದ್ದಳು ಎಂದು. ನಾನು ಪರ್ಸಿನ ಬಾಯಿ ಬಿಚ್ಚಿದೆ. ಅವ್ವ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೊರಗೆ ಬರುವವರೆಗೂ ಬಿಡಲಿಲ್ಲ.

ವಾಪಸು ಬರುವಾಗ ದೀಪ ಹಚ್ಚುವ ಹೊತ್ತು. ಕಾರಿನ ದೀಪ ತಾನೇ ಹತ್ತಿಕೊಂಡಿತ್ತು. ಹುಣಸೆಮರದ ತಿರುವು ಬಂತು. ಅಲ್ಲಿ ಟಿಣ್ ಟಿಣ್ ಎಂದು ಶುರುವಾಯಿತು.

ನಾನು ಮೊದಲು ನೋಡಿದ್ದು ಪರದೆಯನ್ನು. ಮುಂದಿನ ಎಡಸೀಟಿನ ಗೊಂಬೆ ಕೆಂಪಗಿತ್ತು. ಸೀಟಿನ ಮೇಲೆ ಏನೋ ಭಾರ ಇಟ್ಟಿರಬೇಕು ಎಂದುಕೊಂಡೆ. ಬುತ್ತಿ ಗಂಟು ಇಟ್ಟರೂ, ಒಂದು ತೆಂಗಿನಕಾಯಿ ಚೀಲ ಇಟ್ಟರೂ ಸೀಟು ಅದನ್ನು ಮನುಷ್ಯ ಎಂದುಕೊಳ್ಳುತ್ತದೆ. ಬಗ್ಗಿ ನೋಡಿದರೆ ಸೀಟು ಬರಿದು. ಮಾಮಾ ಗಾಡಿಯನ್ನು ಬದಿಗೆ ನಿಲ್ಲಿಸಿ ಆಫ್ ಮಾಡಿ ಮತ್ತೆ ಶುರು ಮಾಡಿದರು. ಹೋಗಲಿಲ್ಲ. ನಾನು ಇಳಿದು ಮುಂದಿನ ಬಾಗಿಲು ತೆರೆದು ಸೀಟನ್ನು ಸವರಿದೆ, ಕೆಳಗೆ ಕೈ ಹಾಕಿ ವೈರು ನೋಡಿದೆ, ಬಾಗಿಲು ಹಾಕಿದೆ, ತೆಗೆದೆ. ಟಿಣ್ ಟಿಣ್ ಹಾಗೇ ಇತ್ತು. ಮಾಮಾನ ಹಣೆಯಲ್ಲಿ ಬೆವರು ಒಡೆದಿತ್ತು.

“ಆ ಮೂದೇವಿ ಬಾಯಿ ಮುಚ್ಚಸು ಮೊದ್ಲ,” ಎಂದರು.

ನಿಜ ಹೇಳುತ್ತೇನೆ, ಆಗ ನನಗೆ ಹೆದರಿಕೆ ಆಗಲಿಲ್ಲ. ಖುಷಿಯಾಯಿತು. ಇಷ್ಟು ವರ್ಷ ಕಾದದ್ದು ತಾನಾಗಿ ಕೈಗೆ ಬಂದು ಕೂತ ಹಾಗಾಯಿತು. ಪರ್ಸಿನಿಂದ ಕ್ಲಿಪ್ಪು ತೆಗೆದು ಅವರ ಅಂಗೈಯಲ್ಲಿ ಇಟ್ಟು, ಇದನ್ನು ಹಾಕಿದರೆ ಸುಮ್ಮನಾಗುತ್ತದೆ ಎಂದೆ.

ಅವರು ನೋಡಲೂ ಇಲ್ಲ. ಬಲಗೈಯಿಂದ ಎಡಗೈಗೆ ದಾಟಿಸಿ, ಕತ್ತಲಲ್ಲೇ ತಡವದೆ, ಸರಿಯಾಗಿ ಬೆಲ್ಟು ಸಿಕ್ಕಿಸುವ ಬಾಯಿಗೇ ಒತ್ತಿದರು. ಟಕ್ ಎಂದು ಕೂತಿತು. ನಿತ್ಯ ಮಾಡಿದ ಕೈಗೆ ಮಾತ್ರ ಬರುವ ಸಲೀಸು ಅದು. ಅವ್ವ ಅದನ್ನು ಹಿಂದಿನಿಂದ ನೋಡುತ್ತಿದ್ದಳು.

ಗಂಟೆ ನಿಲ್ಲಲಿಲ್ಲ. ಕ್ಲಿಪ್ಪು ಕೂತ ಮೇಲೆ ಅದು ನಿಲ್ಲಲೇಬೇಕು, ಕ್ಲಿಪ್ಪು ಇರುವುದೇ ಅದಕ್ಕೆ. ಮಾಮಾ ಒಳಗಿನ ದೀಪ ಹಾಕಿ ಬಗ್ಗಿದರು. ಶಿವನ ಚಿತ್ರ, ಮಣಿದ ಮೂಲೆ, ಅಂಚಿನಲ್ಲಿ ಕರಿಗಟ್ಟಿದ ಕುಂಕುಮ ಕಂಡವು. ಕೈ ಸುಟ್ಟವರ ಹಾಗೆ ಹಿಂದೆ ಎಳೆದುಕೊಂಡರು.

ಅವ್ವ ಕೂಗಾಡಲಿಲ್ಲ. ಆ ಗಾಡಿಯಲ್ಲಿ ಇದನ್ನು ಯಾರು ಹಾಕಿದ್ದು ಎಂದಷ್ಟೇ ಕೇಳಿದಳು. ಟಿಣ್ ಟಿಣ್ ನಡೆದೇ ಇತ್ತು. ಮಾಮಾ ಸ್ಟೇರಿಂಗಿನ ಮೇಲೆ ಹಣೆ ಇಟ್ಟರು.

“ನಾನ ಹಾಕಿದ್ದೆ, ಅತ್ತಿ. ಆಕಿ ಬೆಲ್ಟ್ ಹಾಕ್ಕೋತೇನಿ ಅಂದಾಗೆಲ್ಲ ದೇವ್ರನ್ನ ಕೀಳಬ್ಯಾಡ ಅಂತ ನಾನ ಅಂದಿದ್ದೆ.”

ಅಕ್ಕ ಎಷ್ಟೋ ಸಲ ಹಾಕಿಕೊಳ್ಳಲು ಹೋಗಿದ್ದಳು ಎಂಬುದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರ ಕುತ್ತಿಗೆ ಹಿಚುಕಿಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಅವ್ವ ಇಳಿದು ಬಂದು ನನ್ನನ್ನು ಬದಿಗೆ ಸರಿಸಿದಳು. ಬಗ್ಗಿ ಕ್ಲಿಪ್ಪು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಬೆಲ್ಟನ್ನು ಎಳೆದಳು. ಅವಳಿಗೆ ಕಾರಿನ ಬೆಲ್ಟು ಹಾಕಲು ಬರುವುದಿಲ್ಲ, ಯಾವಾಗಲೂ ನಾನೇ ಹಾಕುತ್ತೇನೆ. ಅವತ್ತು ಮಾತ್ರ ಕೂಸಿಗೆ ಅಂಗಿ ತೊಡಿಸುವ ಹಾಗೆ ಮೆಲ್ಲಗೆ, ಆ ಖಾಲಿ ಸೀಟಿನ ಮೇಲೆ ಸುತ್ತು ಹಾಕಿ ತಂದು ಸಿಕ್ಕಿಸಿದಳು.

“ಹಾಕ್ಕೋ ಯವ್ವಾ. ದೇವ್ರೇನ್ ಸಿಟ್ಟಾಗಂಗಿಲ್ಲ.”

ಗಂಟೆ ನಿಂತಿತು.

ಅದು ನಿಂತದ್ದನ್ನು ಹೇಗೋ ಒಪ್ಪಬಹುದು. ನನ್ನನ್ನು ಕಾಡುವುದು ಬೆಲ್ಟು. ಖಾಲಿ ಸೀಟಿಗೆ ಬೆಲ್ಟು ಹಾಕಿ ಕೈ ಬಿಟ್ಟರೆ ಅದು ಸರ್ರನೆ ಹಿಂದೆ ಎಳೆದುಕೊಂಡು ಸೀಟಿಗೆ ಅಂಟಿಕೊಳ್ಳುತ್ತದೆ. ಬೇಕಾದರೆ ನೀವೂ ನಿಮ್ಮ ಕಾರಿನಲ್ಲಿ ಹಾಕಿ ನೋಡಿ. ಅವತ್ತು ಅದು ಅಂಟಿಕೊಳ್ಳಲಿಲ್ಲ. ಸೀಟಿನಿಂದ ಮುಂದಕ್ಕೆ, ಗಾಳಿಯಲ್ಲಿ, ಬಿಗಿಯಾಗಿ ನಿಂತಿತ್ತು. ಒಬ್ಬ ಹೆಂಗಸು ಕೂತರೆ ಎಷ್ಟು ಜಾಗ ಬೇಕೋ ಅಷ್ಟು ಜಾಗ ಬಿಟ್ಟು ನಿಂತಿತ್ತು. ಅವ್ವ ನೋಡಿದಳು, ನಾನು ನೋಡಿದೆ. ಮಾಮಾ ಆ ಕಡೆ ಮುಖ ತಿರುಗಿಸಲಿಲ್ಲ.

ಗಾಡಿ ತಿರುಗಿಸಿ ಎಂದಳು ಅವ್ವ. ಆ ಮನೆಯಲ್ಲಿ ನನ್ನ ಮಗಳ ಬಗ್ಗೆ ಸುಳ್ಳು ಹೇಳಿ ಬಂದಿದ್ದೀರಿ, ಅಲ್ಲೇ ಹೋಗಿ ನಿಜ ಹೇಳಿ, ಆಮೇಲೆ ಅವರು ಹೆಣ್ಣು ಕೊಟ್ಟರೆ ನಾನೇ ನಿಂತು ಅಕ್ಷತೆ ಹಾಕುತ್ತೇನೆ ಎಂದಳು. ಮಾಮಾ ಗಾಡಿ ತಿರುಗಿಸಿದರು. ಹಿರೇಕೆರೂರಿನವರೆಗೂ ನಾನು ಹಿಂದೆ ಕೂತು ಎರಡು ಸೀಟಿನ ನಡುವಿನಿಂದ ಆ ಬೆಲ್ಟನ್ನೇ ನೋಡುತ್ತಿದ್ದೆ. ರಸ್ತೆಯಲ್ಲಿ ಗುಂಡಿ ಬಂದಾಗ ನಮ್ಮ ಜೊತೆ ಅದೂ ಕುಲುಕುತ್ತಿತ್ತು.

ಆ ಮನೆಯವರು ನಾವು ಮತ್ತೆ ಬಂದದ್ದು ನೋಡಿ ಗಾಬರಿಯಾದರು. ಮಾಮಾ ಕೂರಲಿಲ್ಲ, ನಿಂತುಕೊಂಡೇ ಹೇಳಿದರು.

“ನನ್ನ ಹೇಣ್ತಿ ಹಟಮಾರಿ ಇರಲಿಲ್ರಿ. ಬೆಲ್ಟ್ ಹಾಕಾಕ ನಾನ ಜಾಗಾ ಬಿಟ್ಟಿರಲಿಲ್ಲ.”

ಆ ಹುಡುಗಿ ಬಾಗಿಲ ಬಳಿ ನಿಂತು ಮಾಮಾನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಒಳಗೆ ಹೋದಳು. ಮದುವೆ ಅಲ್ಲಿಗೇ ಮುರಿಯಿತು. ಹೊರಗೆ ಬರುವಾಗ, ಆ ಹೊತ್ತಿಗೆ ಮಟ್ಟಿಗೆ, ನನ್ನ ಹೊಟ್ಟೆ ತಣ್ಣಗಾಗಿತ್ತು. ಪಾಪ ಎನ್ನಿಸಬೇಕಿತ್ತು ಎಂದು ಯಾರಾದರೂ ಹೇಳಿದರೆ, ನನಗೆ ಎನ್ನಿಸಲಿಲ್ಲ.

ಕಾರಿನ ಹತ್ತಿರ ಬಂದು ಕಿಟಕಿಯಿಂದ ನೋಡಿದೆ. ಸಿಕ್ಕಿಸಿದ ಬೆಲ್ಟು ಸಿಕ್ಕಿಸಿದ ಹಾಗೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಆದರೆ ಸೀಟಿಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಹಾನಗಲ್ಲಿನವರೆಗೂ ಹಾಗೇ ಇತ್ತು.

ಆಮೇಲೆ ಮಾಮಾ ನನ್ನ ಮೇಲೆಯೇ ತಿರುಗಿ ಬಿದ್ದರು. ಸೌಕರ್ಯ ಕಲಿಸುವ ನೆವದಲ್ಲಿ ಗಾಡಿಯಲ್ಲಿ ನಾನೇ ಏನೋ ಮಾಡಿಟ್ಟಿದ್ದೆ ಎಂದು ನೆಂಟರ ಮುಂದೆಲ್ಲ ಹೇಳಿದರು. ಹಾಗೆ ಮಾಡಲು ನನಗೆ ಬರುತ್ತಿದ್ದರೆ ಎಂದೋ ಮಾಡುತ್ತಿದ್ದೆ! ಕಂಪನಿಯ ಸರ್ವಿಸಿನವರು ಸೀಟು ಬಿಚ್ಚಿ ನೋಡಿ ಎಲ್ಲ ಸರಿಯಾಗಿದೆ ಎಂದರು. ಮಣಿದ ಕ್ಲಿಪ್ಪು ಸರಿಯಾಗಿ ಕೂತಿರಲಿಕ್ಕಿಲ್ಲ ಎಂದು ನಾನೂ ಅನುಮಾನಪಟ್ಟೆ. ಅವ್ವನಿಂದ ಅದನ್ನು ಇಸಿದುಕೊಂಡು ನನ್ನ ಗಾಡಿಯಲ್ಲಿ ಹಾಕಿ ನೋಡಿದೆ, ಒತ್ತಿದ ಕೂಡಲೇ ಗಂಟೆ ನಿಂತಿತು. ಬೆಲ್ಟಿನ ಸುರುಳಿ ಸಿಕ್ಕಿಕೊಂಡಿತ್ತು ಎನ್ನಬಹುದು. ಸಿಕ್ಕಿಕೊಂಡ ಬೆಲ್ಟು ಜೋತು ಬೀಳುತ್ತದೆಯೇ ಹೊರತು ಬಿಗಿದು ನಿಲ್ಲುವುದಿಲ್ಲ. ಮಾಮಾ ಆ ಕಾರನ್ನು ಸವಣೂರಿನವರೊಬ್ಬರಿಗೆ ಮಾರಿದರು. ನಾನು ವಿಚಾರಿಸಿದೆ, ಅವರಿಗೆ ಇಲ್ಲಿಯವರೆಗೆ ಏನೂ ತೊಂದರೆಯಿಲ್ಲವಂತೆ. ಮಾಮಾ ಈಗ ಬಸ್ಸಿನಲ್ಲಿ ತಿರುಗುತ್ತಾರೆ.

ಕಲಿಯಲು ಬಂದವರಿಗೆಲ್ಲ ಮೊದಲ ದಿನ ಆ ಕ್ಲಿಪ್ಪು ತೋರಿಸುತ್ತೇನೆ. ಯಾರದೆಂದು ಹೇಳುವುದಿಲ್ಲ. ಕೆಲವು ಸಲ ಸಂಜೆ ಒಬ್ಬಳೇ ಆ ತಿರುವಿನವರೆಗೆ ಗಾಡಿ ಓಡಿಸಿಕೊಂಡು ಹೋಗಿ ಹುಣಸೆಮರದ ಹತ್ತಿರ ನಿಲ್ಲಿಸಿ, ಪಕ್ಕದ ಖಾಲಿ ಸೀಟಿನ ಗಂಟೆ ಹೊಡೆಯುತ್ತದೇನೋ ಎಂದು ಕೂತಿರುತ್ತೇನೆ. ಒಮ್ಮೆಯೂ ಹೊಡೆದಿಲ್ಲ. ಅಕ್ಕನ ಸಿಟ್ಟು ಹಿರೇಕೆರೂರಿನಲ್ಲೇ ಇಳಿದುಹೋಯಿತೇನೋ, ನನಗೆ ಗೊತ್ತಿಲ್ಲ. ನನ್ನದು ಇನ್ನೂ ಇಳಿದಿಲ್ಲ.