ರಾಟೆಗೆ ಸಿಕ್ಕ ಕರಿಮಣಿ

ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಬನಿಯನ್ ತುಂಡಿನಿಂದ ಸುಲೋಚನಾ ತೂಕ ಎತ್ತುವ ಉದ್ದನೆಯ ಕಬ್ಬಿಣದ ಬಾರನ್ನು ಅರ್ಧದವರೆಗೆ ಒರೆಸಿದ್ದಾರೆ. ಉಳಿದರ್ಧದ ಮೇಲೆ ರಾತ್ರಿಯ ಉಪ್ಪುಗಾಳಿ ತಂದು ಕೂರಿಸಿದ ತುಕ್ಕು ಹಾಗೇ ಇದೆ. ಕೆಳಗಿನ ಮನೆಯ ರೇಡಿಯೋದಲ್ಲಿ ಹವಾಮಾನದ ಮಾತು ಬಂದ ತಕ್ಷಣ ಒರೆಸುವ ಕೈ ನಿಲ್ಲುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಅದು ಉತ್ತರಕ್ಕೆ ಚಲಿಸುತ್ತಿದೆ ಎಂದು ರೇಡಿಯೋ ಹೇಳುತ್ತದೆ. ಸುಲೋಚನಾ ಬಗ್ಗಿ ಮತ್ತೆ ಒರೆಸತೊಡಗುತ್ತಾರೆ, ಈ ಸಲ ತುಸು ಜೋರಾಗಿ.

"ಮೊದ್ಲೆಲ್ಲ ಮಳೆ ಬತ್ತದಾ ಇಲ್ವಾ ಅಂತ್ಲೂ ಕೇಳ್ತಿರ್ಲಿಲ್ಲ ಕಣ್ರೀ. ಈಗ ಕೊಲ್ಲಿಲಿ ಗಾಳಿ ಯಾವ ಕಡೆ ತಿರುಗ್ತು ಅನ್ನೋದು ನಂಗೆ ಬಾಯಿಪಾಠ" ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ವಿಶಾಖಪಟ್ಟಣದ ಮಲ್ಕಾಪುರಂನಲ್ಲಿ, ನೌಕಾನೆಲೆಯ ಗೋಡೆಯಿಂದ ಹೆಚ್ಚು ದೂರವಿಲ್ಲದ ಓಣಿಯೊಂದರ ಮಹಡಿಯ ಮೇಲೆ ಇದು ನಡೆಯುತ್ತಿದೆ. ತಲೆಯ ಮೇಲೆ ಸಿಮೆಂಟ್ ಶೀಟು. ಸುತ್ತ ಒಳಗಿನದು ಹೊರಗೆ ಕಾಣದ ಹಾಗೆ ಕಟ್ಟಿದ ಬಿದಿರಿನ ತಡಿಕೆ. ಗೇಟಿನ ಮೇಲೆ ತೆಲುಗಿನಲ್ಲಿ 'ಮಹಿಳಾ ವ್ಯಾಯಾಮಶಾಲೆ' ಎಂದು ಬರೆದಿದ್ದರೂ ಓಣಿಯವರಿಗೆಲ್ಲ ಇದು 'ಕನ್ನಡ ಮೇಡಂ ಜಿಮ್ಮು'. ಹೋದ ತಿಂಗಳು ಇಷ್ಟು ಹೊತ್ತಿಗೆ ಇಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲವಂತೆ. ಇವತ್ತು ಬೆಳಿಗ್ಗೆ ಆರು ಗಂಟೆಯಾದರೂ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿಯೂ ಇಲ್ಲ.

ಸುಲೋಚನಾ ತಿಪಟೂರಿನವರು. ಕಾಲೇಜಿನಲ್ಲಿ ಗುಂಡು ಎಸೆಯುತ್ತಿದ್ದ ಹುಡುಗಿ. ದೈಹಿಕ ಶಿಕ್ಷಣದ ತರಬೇತಿಯನ್ನೂ ಮುಗಿಸಿದ್ದರು. ನೌಕರಿ ಸಿಗುವ ಮೊದಲೇ ಬ್ಯಾಂಕಿನಲ್ಲಿದ್ದ ನರಸಿಂಹಮೂರ್ತಿಯವರ ಜೊತೆ ಮದುವೆಯಾಯಿತು. ಎಂಬತ್ತಮೂರರಲ್ಲಿ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ಭಾಷೆ ಬಾರದ ಊರಿನಲ್ಲಿ ಬಾಡಿಗೆ ಮನೆ ಹಿಡಿದರು. ಸುತ್ತ ನೌಕಾಪಡೆಯವರ ಕುಟುಂಬಗಳು. ಗಂಡಂದಿರು ಹಡಗಿನ ಮೇಲೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಎಲ್ಲಿದ್ದಾರೆಂದು ಮನೆಯವರಿಗೂ ಗೊತ್ತಿರುವುದಿಲ್ಲ.

"ಆ ಹೆಂಗಸರಿಗೆ ಸೊಂಟನೋವು, ತಲೆನೋವು, ನಿದ್ದೆ ಇಲ್ಲ. ಡಾಕ್ಟರ ಹತ್ರ ಹೋದ್ರೆ ಟಾನಿಕ್ ಬರೀತಿದ್ರು. ನಾನು ಒಬ್ಬಳನ್ನ ಕರ್ಕೊಂಬಂದು ಮಹಡಿ ಮೇಲೆ ನೀರಿನ ಬಿಂದಿಗೆ ಎತ್ತಿಸ್ದೆ. ಬೆನ್ನು ನೆಟ್ಟಗಿಟ್ಕೊಂಡು ಹೆಂಗೆ ಎತ್ತಬೇಕು ಅಂತ ತೋರಿಸ್ದೆ. ಮಾರನೇ ದಿನ ಮೂರು ಜನ ಬಂದ್ರು. ನಾನೇನೂ ಜಿಮ್ ಮಾಡ್ಬೇಕು ಅಂದ್ಕೊಂಡೋಳಲ್ಲ."

ಎಂಬತ್ತೊಂಬತ್ತರಲ್ಲಿ ಶೀಟು ಹಾಕಿಸಿದರು. ಬಾರ್, ಡಂಬೆಲ್‌ಗಳನ್ನು ವೆಲ್ಡಿಂಗ್ ಅಂಗಡಿಯ ದುರ್ಗಾಪ್ರಸಾದ್ ಮಾಡಿಕೊಟ್ಟ. ಕೂತು ತಲೆಯ ಮೇಲಿನಿಂದ ಎಳೆಯುವ ತೂಕದ ಯಂತ್ರಕ್ಕೆ ರಾಟೆ ಬೇಕಿತ್ತು. ಅದು ಒಡೆದ ಹಡಗುಗಳ ಗುಜರಿಯಲ್ಲಿ ಸಿಕ್ಕಿತು. ಒಳ್ಳೆಯ ಗಟ್ಟಿ ಚಕ್ರ, ಎಣ್ಣೆ ಹಾಕಿದರೆ ಸದ್ದೇ ಇಲ್ಲ. ಮೂರು ವರ್ಷದೊಳಗೆ ಬೆಳಿಗ್ಗೆ ಎರಡು ತಂಡ, ಸಂಜೆ ಒಂದು ತಂಡವಾಯಿತು. ಅರವತ್ತಕ್ಕೂ ಹೆಚ್ಚು ಹೆಂಗಸರು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕೆಲವರು ಚೂಡಿದಾರ್ ತೊಟ್ಟು ಬರತೊಡಗಿದರು. ಹೋದ ವರ್ಷ ನರಸಿಂಹಮೂರ್ತಿಯವರಿಗೆ ವಿಜಯವಾಡದ ಒನ್ ಟೌನ್ ಶಾಖೆಗೆ ಮತ್ತೆ ವರ್ಗವಾದಾಗ, ಸುಲೋಚನಾ ಗಂಟುಮೂಟೆ ಕಟ್ಟಲಿಲ್ಲ. ಗಂಡ ಶನಿವಾರ ರೈಲು ಹತ್ತಿ ಬರುತ್ತಾರೆ, ಭಾನುವಾರ ಹೋಗುತ್ತಾರೆ. ಈ ಜಿಮ್ಮು ಅಷ್ಟು ಚೆನ್ನಾಗಿ ನಡೆಯುತ್ತಿತ್ತು.

ಈಗ ನಡೆಯುತ್ತಿಲ್ಲ. ಕಾರಣ ಆ ರಾಟೆ.

ಮದುವೆಯಾದವರು ತಾಳಿ, ಕರಿಮಣಿಯನ್ನು ರವಿಕೆಯ ಒಳಗೆ ಸೇರಿಸಿ ಪಿನ್ನು ಹಾಕಿಕೊಂಡ ಮೇಲೆಯೇ ಯಂತ್ರ ಮುಟ್ಟಬೇಕೆಂಬುದು ಇಲ್ಲಿನ ನಿಯಮ. ತೆಗೆದಿಡಿ ಎಂದು ಸುಲೋಚನಾ ಯಾರಿಗೂ ಹೇಳಿದವರಲ್ಲ. ಹೇಳಿದ್ದರೆ ಯಾರೂ ಬರುತ್ತಿರಲಿಲ್ಲ. ಕಾರ್ತಿಕದ ಮೊದಲ ಮಂಗಳವಾರ ಗಂಗಾಭವಾನಿ ಎಂಬ ಇಪ್ಪತ್ತೆರಡರ ಹುಡುಗಿ ತೂಕ ಎಳೆದು ಮೇಲೆ ಬಿಡುವಾಗ ಪಿನ್ನು ಕಿತ್ತುಬಂತು. ಸರ ಹೊರಗೆ ಹಾರಿ ತಂತಿಗೆ ಸುತ್ತಿಕೊಂಡಿತು. ತಂತಿ ಅದನ್ನು ರಾಟೆಯೊಳಗೆ ಎಳೆದುಕೊಂಡಿತು. ಕರಿಮಣಿ ಚೆಲ್ಲಾಪಿಲ್ಲಿಯಾಗಿ, ತಾಳಿಯ ಎರಡು ಬಿಲ್ಲೆಗಳಲ್ಲಿ ಒಂದು ಬೆಂಚಿನ ಕೆಳಗೆ ಉರುಳಿತು. ಹುಡುಗಿಯ ಕತ್ತಿನ ಮೇಲೆ ಗೀರು, ಅಷ್ಟೇ. ಆದರೆ ಅವಳ ಗಂಡ ನಾವಿಕ. ಹಡಗಿನ ಮೇಲಿದ್ದಾನೆ.

"ಅವಳು ಮೊದ್ಲು ನಕ್ಕಳು. ಆಮೇಲೆ ಸುತ್ತ ಇದ್ದೋರ ಮುಖ ನೋಡಿ ಅಳಕ್ಕೆ ಶುರು ಮಾಡಿದ್ಲು. ಕತ್ತು ಬರಿದಾಗಿರಬಾರದು ಅನ್ನೋದೊಂದೇ ನನ್ನ ತಲೇಲಿ. ಪರದೆ ದಾರ ಕಿತ್ತೆ, ಕೆಳಗೆ ಓಡಿ ಅರಿಶಿನ ತಂದು ಹಚ್ಚಿದೆ, ಬಿಲ್ಲೆ ಪೋಣಿಸಿ ಕಟ್ಟಿಬಿಟ್ಟೆ" ಎಂದು ಸುಲೋಚನಾ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾರೆ.

ಅದೇ ಇನ್ನೊಂದು ತಪ್ಪಾಯಿತು. ಅರ್ಧ ಗಂಟೆಯಲ್ಲಿ ಗಂಗಾಭವಾನಿಯ ಅತ್ತೆ ಕೋಟೇಶ್ವರಮ್ಮ ಮೆಟ್ಟಿಲು ಹತ್ತಿ ಬಂದರು. "ಪರದೆ ದಾರದಲ್ಲಿ ತಾಳಿ ಕಟ್ಟೋಕೆ ನೀನ್ಯಾರಮ್ಮಾ? ಕಟ್ಟಿದೋನು ಬದುಕಿದ್ದಾನೆ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. ರಾಟೆ ಒಡೆದ ಹಡಗಿನದು ಎಂಬುದು ಯಾರ ಬಾಯಿಂದಲೋ ಹೊರಬಿತ್ತು. ಮುಳುಗಿದ ಹಡಗಿನ ಚಕ್ರ ನಾವಿಕನ ಹೆಂಡತಿಯ ತಾಳಿ ಹಿಡಿದು ಎಳೆಯಿತು ಎಂದು ಸಂಜೆಯೊಳಗೆ ಮನೆಮನೆಯಲ್ಲಿ ಮಾತಾಯಿತು. ಆ ಹಡಗು ಮುಳುಗಿದ್ದಲ್ಲ, ಹಳತಾಗಿ ಒಡೆಸಿದ್ದು ಎಂದು ಸುಲೋಚನಾ ಹೇಳುತ್ತಲೇ ಇದ್ದರು. ಕೇಳುವವರಿರಲಿಲ್ಲ.

ಹೆಂಗಸರು ಜಗಳವಾಡಿ ಬಿಟ್ಟುಹೋಗಲಿಲ್ಲ. ಮಾರ್ಕೆಟ್ಟಿನಲ್ಲಿ ಸಿಕ್ಕಿದರೆ ಇವತ್ತಿಗೂ ನಿಂತು ಮಾತಾಡಿಸುತ್ತಾರೆ. ಯಾವಾಗ ಬರ್ತೀರಿ ಎಂದು ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: "ಓಡ ರಾನೀ ಮೇಡಂ." ಹಡಗು ಬರಲಿ ಮೇಡಂ.

ಕಾರ್ತಿಕ ಮುಗಿಯುವುದರೊಳಗೆ ಬರುತ್ತೇನೆ ಎಂದು ಗಂಗಾಭವಾನಿಯ ಗಂಡ ಹೇಳಿ ಹೋಗಿದ್ದ. ಕಾರ್ತಿಕ ಇನ್ನೇನು ಮುಗಿಯುತ್ತಿದೆ. ನಡುವೆ ಒಂದು ಕಾಗದ ಬಂತು, ಆದರೆ ಅದನ್ನು ಬರೆದದ್ದು ತಾಳಿ ಹರಿಯುವುದಕ್ಕೂ ಮುಂಚೆ. ಕೋಟೇಶ್ವರಮ್ಮ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

"ನಂಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೆ ಹೆದರಿಕೆ ಇದೆ. ಎರಡೂ ಒಟ್ಟಿಗೆ ಹೆಂಗಿರ್ತಾವೆ ಅಂತ ಕೇಳ್ಬೇಡಿ, ನಂಗೇ ಗೊತ್ತಿಲ್ಲ. ಹಾಲು ಉಕ್ಕಿದ್ರೆ ಎದೆ ಧಸಕ್ ಅಂತದೆ. ನೌಕಾನೆಲೆ ಕಡೆಯಿಂದ ಜೀಪು ಬಂದ್ರೆ ಯಾವ ಮನೆ ಮುಂದೆ ನಿಲ್ತದೆ ಅಂತ ನೋಡ್ತಾ ನಿಂತುಬಿಡ್ತೀನಿ. ಜಿಮ್ ಹೋದ್ರೆ ಹೋಗ್ಲಿ ಅಂತ ಒಂದೊಂದ್ಸಲ ಅನ್ಸುತ್ತೆ. ಆ ಹುಡುಗ ಒಬ್ಬ ಬಂದ್ಬಿಡ್ಲಿ."

ಬಾರಿಗೆ ಮತ್ತೆ ಬಟ್ಟೆ ಒತ್ತಿ, "ಇಲ್ಲ, ಹೋಗ್ಲಿ ಅಂತ ಅನ್ಸಲ್ಲ. ಸುಳ್ಳು ಹೇಳ್ದೆ" ಎನ್ನುತ್ತಾರೆ.

ನರಸಿಂಹಮೂರ್ತಿಯವರು ವಿಜಯವಾಡದಿಂದ ಫೋನು ಮಾಡುತ್ತಾರೆ. ಒಡವೆ ತೆಗೆದಿಟ್ಟೇ ಒಳಗೆ ಬರಬೇಕೆಂದು ಬೋರ್ಡು ಹಾಕು ಎನ್ನುವುದು ಅವರ ಸಲಹೆ. "ಬ್ಯಾಂಕಲ್ಲಿ ಎಲ್ಲದಕ್ಕೂ ಬೋರ್ಡ್ ಹಾಕ್ತಾರಲ್ಲ, ಅದೇ ಅಭ್ಯಾಸ" ಎಂದು ಸುಲೋಚನಾ ನಗುತ್ತಾರೆ. ಅವರ ಇನ್ನೊಂದು ಮಾತಿಗೆ ಮಾತ್ರ ನಗು ಬರುವುದಿಲ್ಲ. ಮುಚ್ಚಿಬಿಟ್ಟು ಇಲ್ಲಿಗೇ ಬಾ, ಊಟಕ್ಕೆ ಕಷ್ಟವಾಗುತ್ತಿದೆ ಎಂದು ಅವರು ಹೇಳುವುದು ಹೆಚ್ಚಾಗಿದೆ.

ಏಳು ಗಂಟೆಗೆ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳುತ್ತದೆ. ಶಾಲೆಯ ಟೀಚರು ಲಕ್ಷ್ಮೀಕಾಂತಮ್ಮ. ಒಂದು ದಿನವೂ ತಪ್ಪಿಸದವರು ಇವರೊಬ್ಬರೇ. ಬಂದವರೇ ನೇರ ಆ ಯಂತ್ರದ ಕೆಳಗೆ ಕೂರುತ್ತಾರೆ.

"ಹೆದರಿಕೆ ಆಗಲ್ವೇ ಟೀಚರಮ್ಮಾ?" ಎಂದು ಕೇಳುತ್ತೇನೆ. ಬಳ್ಳಾರಿ ಕಡೆಯವಳಾದ್ದರಿಂದ ನನಗೆ ತೆಲುಗು ಬರುತ್ತದೆ.

"ನನಗೇನಮ್ಮಾ ಭಯ? ನಮ್ಮೋರು ಹೋಗಿ ಹನ್ನೆರಡು ವರ್ಷ ಆಯ್ತು. ಸಿಕ್ಕಿಹಾಕ್ಕೊಳ್ಳೋಕೆ ಕುತ್ತಿಗೆಯಲ್ಲಿ ಏನಿದೆ?" ಎಂದು ಹೇಳಿ ಅವರು ತೂಕ ಎಳೆಯುತ್ತಾರೆ. "ಈ ಓಣಿಯಲ್ಲಿ ಧೈರ್ಯವಾಗಿ ಕಸರತ್ತು ಮಾಡೋ ಯೋಗ ನನ್ನಂಥೋರಿಗೇ ಇರೋದು."

ಸುಲೋಚನಾ ಅವರನ್ನು ಗದರುತ್ತಾರೆ, ಗದರುತ್ತಲೇ ನಗುತ್ತಾರೆ. ಆ ನಗು ಮುಗಿಯುವುದರೊಳಗೆ ಕೋಟೇಶ್ವರಮ್ಮ ಬಾಗಿಲಲ್ಲಿದ್ದಾರೆ.

ಒಣಗಿದ, ನೆಟ್ಟಗಿನ ಹೆಂಗಸು. ಹಿಂದೆ ಎರಡು ಮೆಟ್ಟಿಲು ಕೆಳಗೆ ತಲೆತಗ್ಗಿಸಿ ನಿಂತಿರುವ ಹುಡುಗಿ ಗಂಗಾಭವಾನಿ. ಕತ್ತಿನಲ್ಲಿ ದಪ್ಪನೆಯ ಹೊಸ ಅರಿಶಿನದ ದಾರ. ಕೋಟೇಶ್ವರಮ್ಮ ಕುರ್ಚಿ ಬೇಡವೆನ್ನುತ್ತಾರೆ. ಇವತ್ತು ಕೂಗುವುದಿಲ್ಲ.

"ಏಮಮ್ಮಾ, ನಿನ್ನ ಗಿರಾಕಿಗಳು ಹೋದರು ಅಂತ ನೀನು ಅಳ್ತೀಯ. ನನಗಿರೋದು ಒಬ್ಬನೇ ಮಗ" ಎಂದು ಶುರುಮಾಡುತ್ತಾರೆ. "ಶುಕ್ರವಾರ ಪೂಜೆ ಮಾಡೋ ಪಂತುಲುಗಾರನ್ನ ಕರೆಸ್ತೀನಿ. ಇಲ್ಲಿ ಶಾಂತಿ ಆಗಬೇಕು. ಆ ಚಕ್ರ ಬಿಚ್ಚಿ ಸಮುದ್ರಕ್ಕೆ ಹಾಕಬೇಕು. ಹಾಕಿದ ಮೇಲೆ ನಾನೇ ಕುಂಕುಮ ಹಿಡಿದು ಮನೆಮನೆಗೆ ಹೋಗಿ ಹೇಳ್ತೀನಿ, ದೋಷ ಹೋಯ್ತು, ಹೋಗಿ ಅಂತ. ನಾನು ಹೇಳಿದರೆ ಬರ್ತಾರೆ."

ಬರುತ್ತಾರೆ. ಅದು ಸುಲೋಚನಾ ಅವರಿಗೂ ಗೊತ್ತು. "ಆಗ್ಲಮ್ಮಾ" ಎನ್ನುತ್ತಾರೆ.

"ಇನ್ನೊಂದು. ನನ್ನ ಸೊಸೆ, ಈ ಪಿಲ್ಲ, ಮತ್ತೆ ಈ ಮೆಟ್ಟಿಲು ಹತ್ತಬಾರದು. ಹಡಗು ಬಂದರೂ ಸರಿ. ಹತ್ತಿದ್ದು ನನ್ನ ಕಣ್ಣಿಗೆ ಬಿತ್ತೋ, ಬೀದಿಯ ಒಂದು ಹೆಂಗಸೂ ನಿನ್ನ ಬಾಗಿಲಿಗೆ ಬರಲ್ಲ."

ಸುಲೋಚನಾ ತಲೆಯಾಡಿಸುವುದಿಲ್ಲ. ಇಲ್ಲವೆಂದೂ ಹೇಳುವುದಿಲ್ಲ. ಕೋಟೇಶ್ವರಮ್ಮ ಆ ಮೌನವನ್ನು ಒಪ್ಪಿಗೆಯೆಂದೇ ಹಿಡಿದು ಗೋಡೆ ಹಿಡಿದುಕೊಂಡು ಇಳಿಯತೊಡಗುತ್ತಾರೆ. ಆ ಹೆಂಗಸೂ ತಿಂಗಳಿಂದ ನಿದ್ದೆ ಮಾಡಿದ ಹಾಗಿಲ್ಲ.

ಅವರಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡಿದ್ದ ಹುಡುಗಿ ಚಕ್ಕನೆ ಎರಡು ಮೆಟ್ಟಿಲು ಮೇಲೆ ಬರುತ್ತಾಳೆ. ನನ್ನ ಕಡೆ ನೋಡುವುದೂ ಇಲ್ಲ.

"ಮೇಡಂ, ಮನೆಗೆ ಬಂದೋರೆಲ್ಲ ನನ್ನ ಕುತ್ತಿಗೆ ನೋಡ್ಕೊಂಡು ಮಾತಾಡ್ತಾರೆ. ಮುಖ ಯಾರೂ ನೋಡಲ್ಲ. ಅವರು ಬರ್ತಾರೋ ಇಲ್ವೋ ಅಂತ ದಿನವಿಡೀ ಅದೇ. ಇಲ್ಲಿ ಎಳೆಯೋವಾಗ ಮಾತ್ರ ಮರೀತಿದ್ದೆ." ದನಿ ಇನ್ನೂ ತಗ್ಗುತ್ತದೆ. "ಅತ್ತಗಾರು ಊಟ ಆದ ಮೇಲೆ ಮೂರರವರೆಗೂ ಮಲಗ್ತಾರೆ."

"ಭವಾನೀ!" ಎಂದು ಕೆಳಗಿನಿಂದ ಕೂಗು.

"ಒಸ್ತುನ್ನಾ ಅತ್ತಯ್ಯಾ, ಬಂದೆ, ಚಪ್ಪಲಿ ಸಿಕ್ತಿಲ್ಲ" ಎಂದು ಕೂಗಿ ಹೇಳಿ ಹುಡುಗಿ ಇಳಿದು ಓಡುತ್ತಾಳೆ.

ಬೆಳಗಿನ ಉಳಿದ ಹೊತ್ತು ಅವರು ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾರೆ. ಬಾಣಂತಿಯರಿಗೆ ಏನು ಕಲಿಸಬೇಕು, ಏನು ಕಲಿಸಬಾರದು ಎಂದು ಎದ್ದುನಿಂತು ಮಾಡಿ ತೋರಿಸುತ್ತಾರೆ. ಮಧುರವಾಡದ ಕಡೆ ಹೊಸ ಬಡಾವಣೆಗಳಾಗುತ್ತಿವೆ, ಅಲ್ಲೊಂದು ಸ್ವಂತ ಜಾಗ ಹಿಡಿಯುವ ಆಸೆಯಿತ್ತು ಎನ್ನುತ್ತಾರೆ. ಇತ್ತು ಎಂದೇ ಹೇಳುತ್ತಾರೆ, ಇದೆ ಎನ್ನುವುದಿಲ್ಲ. ದುರ್ಗಾಪ್ರಸಾದ್ ಬಳಿ ಹೊಸ ರಾಟೆಗೆ ಹೇಳಬೇಕು, ಈ ಸಲ ಲಾರಿಯದೋ ಬಾವಿಯದೋ ಆಗಲಿ ಎಂದು, ಶಾಲೆಗೆ ರಜೆಯಾದ್ದರಿಂದ ಇಲ್ಲೇ ಉಳಿದಿರುವ ಲಕ್ಷ್ಮೀಕಾಂತಮ್ಮನವರ ಜೊತೆ ಚರ್ಚಿಸುತ್ತಾರೆ. ಸುಲೋಚನಾ ಅವರೇ ಕೇಳಿಕೊಂಡದ್ದರಿಂದ ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ.

ಮಧ್ಯಾಹ್ನ ಊಟ ಮುಗಿಸಿ, ನನ್ನ ಚೀಲ ತರಲೆಂದು ಮಹಡಿಗೆ ಹೋದಾಗ ಸುಲೋಚನಾ ಅಲ್ಲಿ ಕಾಣುವುದಿಲ್ಲ. ತಡಿಕೆಯ ಆಚೆ, ಹಿಂದಿನ ಸಂದಿಗೆ ಇಳಿಯುವ ಕಬ್ಬಿಣದ ಮೆಟ್ಟಿಲಿದೆ. ಕಸದವಳು ಬಿಟ್ಟರೆ ಅದನ್ನು ಬಳಸುವವರಿಲ್ಲ. ಅದರ ಬುಡದಲ್ಲಿ, ತಗಡಿನ ಬಾಗಿಲ ಮುಂದೆ ಅವರು ಕುಕ್ಕರಗಾಲಲ್ಲಿ ಕೂತಿದ್ದಾರೆ. ತೆಗೆದ ಬೀಗ ಮಡಿಲಲ್ಲಿದೆ. ಕೀಲುಗಳಿಗೆ ಒಂದೊಂದೇ ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಬಾಗಿಲನ್ನು ತೆರೆದು ಮುಚ್ಚಿ ಕಿವಿಗೊಡುತ್ತಾರೆ. ಕಿರ್ ಎನ್ನುತ್ತದೆ. ಇನ್ನೊಂದು ಹನಿ ಬಿಡುತ್ತಾರೆ. ಮತ್ತೆ ತೆರೆದು ಮುಚ್ಚುತ್ತಾರೆ. ಈ ಸಲ ಸದ್ದಿಲ್ಲ.

"ಅಲ್ಲೇನು ಮಾಡ್ತಿದ್ದೀರಿ ಮೇಡಂ?" ಎಂದು ಮೇಲಿನಿಂದ ಲಕ್ಷ್ಮೀಕಾಂತಮ್ಮ ಕೇಳುತ್ತಾರೆ.

"ಏನಿಲ್ಲ ಟೀಚರಮ್ಮಾ. ಗಾಳಿಗೆ ಬಡ್ಕೊಳ್ತಿತ್ತು."

ಬಾಗಿಲನ್ನು ಮುಂದೆ ಎಳೆದು, ಬೀಗವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅವರು ಮೆಟ್ಟಿಲು ಹತ್ತಿ ಬರುತ್ತಾರೆ.