ವಿಮಾನಗಳ ಬಗ್ಗೆ ಅಪ್ಪ ಕೇಳಿದ ಪ್ರಶ್ನೆ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಪುಣಜನೂರಿನಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಬಿ.ಎ. ಮಾಡಿದೆ, ಆಮೇಲೆ ಇತಿಹಾಸದಲ್ಲಿ ಎಂ.ಎ. ಯಾರ ಶಿಫಾರಸೂ ಇಲ್ಲದೆ ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾದೆ. ಇದನ್ನು ಹೇಳಿಕೊಳ್ಳಲು ಈಗಲೂ ಹೆಮ್ಮೆಯಿದೆ. ಇಲ್ಲಿ ಬರೆಯುತ್ತಿರುವುದು ಮಾತ್ರ ಹೆಮ್ಮೆಯ ವಿಷಯವಲ್ಲ.

ಕಳೆದ ವರ್ಷ ಕಾಲೇಜಿನಲ್ಲಿ ನನ್ನದೊಂದು ವಿಶೇಷ ಉಪನ್ಯಾಸ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರೂ ಆಡಳಿತ ಮಂಡಳಿಯ ಇಬ್ಬರು ಸದಸ್ಯರೂ ಕೂತಿದ್ದರು. ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳುವುದು ಬಿಡುವುದು ಅವರ ಕೈಯಲ್ಲಿತ್ತು.

ನಾನು ಆರಿಸಿಕೊಂಡದ್ದು ಎರಡನೇ ಮಹಾಯುದ್ಧದ ಒಂದು ತುಣುಕು. ಜಪಾನ್ ಯುದ್ಧಕ್ಕಿಳಿದ ಮೊದಲ ದಿನಗಳಲ್ಲಿ, ಅಮೆರಿಕದ ಆಡಳಿತದಲ್ಲಿದ್ದ ಫಿಲಿಪೈನ್ಸ್ ದ್ವೀಪಗಳನ್ನು ಕಾಯಲು ನಿಂತ ಕೆಲವೇ ಪೈಲಟ್‌ಗಳ ಕಥೆ. ಎದುರಾಳಿಯ ವಿಮಾನಗಳು ಹಗುರ, ಚುರುಕು. ಇವರವು ಭಾರ. "ದಿಂಬಂ ಘಾಟ್ ಹತ್ತುವ ಲೋಡ್ ಲಾರಿಗಳ ಹಾಗೆ" ಎಂದೆ. ಹುಡುಗರು ನಕ್ಕರು. ಆ ನಗು ರುಚಿಸಿತು. "ಸೋಲುತ್ತೇವೆಂದು ಗೊತ್ತಿದ್ದೂ ಹತ್ತಿದರಲ್ಲ, ಅವರ ಧೈರ್ಯ ಮೆಚ್ಚಬೇಕೋ, ಬುದ್ಧಿಗೆ ಮರುಗಬೇಕೋ!" ಎಂದೆ. ಚಪ್ಪಾಳೆ ಬಿತ್ತು.

ಆಗ ಹಿಂದಿನ ಬೆಂಚಿನಿಂದ ಒಬ್ಬರು ಎದ್ದರು. ಹೆಗಲ ಮೇಲೆ ಟವೆಲ್ಲು, ಮಂಡಿಯವರೆಗೆ ಕಟ್ಟಿದ ಪಂಚೆ. ನನ್ನ ಅಪ್ಪ. ಭಾಷಣ ಇದೆಯೆಂದು ಫೋನಿನಲ್ಲಿ ಹೇಳಿದ್ದೆ, ಬಾ ಎಂದಿರಲಿಲ್ಲ. ಎರಡು ಬಸ್ಸು ಹಿಡಿದು ಬಂದಿದ್ದ.

"ಅಲ್ಲಾ, ಅವು ಬತ್ತಾವೆ ಅಂತ ಇವ್ರಿಗೆ ಮುಂಚೇನೇ ಕೂಗಿ ತಿಳ್ಸೋರು ಯಾರಿದ್ರು? ಗಾಡಿ ನಿಧಾನ ಅಂದ್ಮೇಲೆ ಅವು ಬರೋ ವೊತ್ಗೆ ಇವ್ರು ಮ್ಯಾಲಿರ್ಬೇಕಲ್ವಾ? ನಮ್ ಕಡೆ ಆನೆಗೂ ಅಂಗೇ ಮಾಡದು."

"ತಾತಾ, ಅದು ಆನೆ ಅಲ್ಲ, ಫೈಟರ್ ಪ್ಲೇನು!" ಎಂದು ಯಾರೋ ಹುಡುಗ ಕೂಗಿದ. ಹಾಲ್ ಪೂರಾ ನಗು. ಪ್ರಿನ್ಸಿಪಾಲರೂ ತಿರುಗಿ ನೋಡಿ ನಕ್ಕರು.

ನಾನು ಮೈಕಿನಲ್ಲಿ, "ಹಿರಿಯರೇ, ಇದು ಯುದ್ಧದ ವಿಷಯ. ಪ್ರಶ್ನೆ ಆಮೇಲೆ ನೋಡೋಣ, ಕೂತ್ಕೊಳ್ಳಿ" ಎಂದೆ.

ಅಪ್ಪ ಕೂತ.

ಟೀ ಹೊತ್ತಿನಲ್ಲಿ ಪ್ರಿನ್ಸಿಪಾಲರು ವರಾಂಡದಲ್ಲಿ ಅವನನ್ನು ಮಾತಾಡಿಸಿದರು. "ಯಾವೂರಾಯ್ತು ಯಜಮಾನ್ರೇ? ಯಾರ ಕಡೆಯವರು?"

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅಪ್ಪ ನನ್ನತ್ತ ನೋಡಲೇ ಇಲ್ಲ. "ಯಾರ ಕಡೆಯೋನೂ ಅಲ್ಲ ಸ್ವಾಮಿ. ಬಸ್ಗೆ ಟೈಮಿತ್ತು, ನೆಳ್ಳಲ್ಲಿ ಕುಂತ್ಕಳನ ಅಂತ ಬಂದೆ" ಎಂದ. ಕೈ ಮುಗಿದು ಗೇಟಿನತ್ತ ನಡೆದ. ನಾನು ಕೈಯಲ್ಲಿದ್ದ ಟೀ ಕುಡಿದು ಮುಗಿಸಿದೆ. ಅದು ಸಕ್ಕರೆ ಜಾಸ್ತಿಯಾದ ಟೀ ಎಂಬುದೂ ನೆನಪಿದೆ.

ಅಪ್ಪ ಕೇಳಿದ್ದು ತಮಾಷೆಗಲ್ಲ. ನಮ್ಮೂರಲ್ಲಿ ಕಾಡಿಗೆ ಅಂಟಿದ ಕೊನೆಯ ಹೊಲದಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ ಒಬ್ಬ ಕೂರುತ್ತಾನೆ. ಆನೆ ಓಡಿಸುವುದು ಅವನ ಕೆಲಸವಲ್ಲ. ಕೊಂಬೆ ಮುರಿದ ಸದ್ದು ಕೇಳಿದ ಕೂಡಲೇ ಡಬ್ಬ ಬಡಿಯಬೇಕು, ಅಷ್ಟೆ. ಒಂಟಿ ಆನೆಯಾದರೆ ಬಿಟ್ಟು ಬಿಟ್ಟು, ಹಿಂಡಾದರೆ ಒಂದೇ ಸಮ. ಹಿಂದಿನ ಹೊಲಗಳವರು ಅದನ್ನು ಕೇಳಿ, ಆನೆ ಕಾಡಂಚಿನ ಕಂದಕ ದಾಟುವ ಮೊದಲೇ ಪಂಜು ಹಿಡಿದು ಅಲ್ಲಿಗೆ ಹೋಗುತ್ತಾರೆ. ಆನೆ ಜೋಳದೊಳಗೆ ಇಳಿದ ಮೇಲೆ ಯಾರ ಆಟವೂ ನಡೆಯುವುದಿಲ್ಲ. ಆ ಅಟ್ಟಣೆಯಲ್ಲಿ ಅಪ್ಪ ಎಷ್ಟೋ ಸುಗ್ಗಿ ಕೂತಿದ್ದಾನೆ. ನಾನು ಓದಿದ್ದು ಆ ಜೋಳದಿಂದಲೇ.

ಒಂದು ವಾರ ಬಿಟ್ಟು, ಮನಸ್ಸು ತಡೆಯದೆ ಚಾಮರಾಜನಗರದ ಲೈಬ್ರರಿಗೆ ಹೋಗಿ ಹುಡುಕಿದೆ. ಉತ್ತರ ಅಲ್ಲಿತ್ತು. ಆ ದ್ವೀಪಗಳಲ್ಲಿ ಅಲ್ಲಿಯ ಊರಿನವರನ್ನೇ ಕಾವಲಿಗೆ ಕೂರಿಸಿದ್ದರು. ಆಕಾಶದಲ್ಲಿ ವಿಮಾನ ಕಂಡರೆ ಅವರು ತಂತಿಯಲ್ಲೋ ಫೋನಿನಲ್ಲೋ ತಿಳಿಸಬೇಕು. ಮೊದಲ ದಿನ ಎಚ್ಚರಿಕೆ ಹೊರಟಿತ್ತು, ಆದರೆ ದೊಡ್ಡ ವಿಮಾನ ನಿಲ್ದಾಣಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಬಹಳ ವಿಮಾನಗಳು ನೆಲದ ಮೇಲೇ ಸುಟ್ಟುಹೋದವು. ನಾನು ಯಾರ ಬುದ್ಧಿಗೆ ಮರುಗಿದ್ದೆನೋ ಅವರಲ್ಲಿ ಹಲವರಿಗೆ ಮೇಲೇರುವ ಅವಕಾಶವೇ ಸಿಕ್ಕಿರಲಿಲ್ಲ.

ಸೋಮವಾರ ತರಗತಿಯಲ್ಲಿ ತಪ್ಪು ಒಪ್ಪಿಕೊಂಡೆ. "ಅವತ್ತು ಹಿಂದೆ ಕೂತಿದ್ದವರು ಕೇಳಿದ್ದೇ ಸರಿಯಾದ ಪ್ರಶ್ನೆ" ಎಂದೆ. "ಯಾರ್ ಸಾರ್ ಅವ್ರು?" ಎಂದು ಒಬ್ಬಳು ಕೇಳಿದಳು. ಬಾಯಿ ತೆರೆದೆ. "ಯಾರೋ, ಕಾಡಂಚಿನ ಊರಿನವರಿರಬೇಕು" ಎಂದು ಪಾಠ ಮುಂದುವರಿಸಿದೆ. ಅಲ್ಲಿ ಪ್ರಿನ್ಸಿಪಾಲರೂ ಇರಲಿಲ್ಲ, ಆಡಳಿತ ಮಂಡಳಿಯೂ ಇರಲಿಲ್ಲ.

ಭಾನುವಾರ ಊರಿಗೆ ಹೋದೆ. ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ, ಕಾವಲಿಗೆ ಕೂತವರದ್ದು, ಮುಟ್ಟದ ಸುದ್ದಿ, ಸುಟ್ಟ ವಿಮಾನ. ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿದ.

"ಥೂ ಪಾಪ. ನೋಡ್ದೋನು ಇನ್ನೇನ್ ಮಾಡಾನು ಬುಡು" ಎಂದ. ಮತ್ತೆ ಮುದ್ದೆ ಮುರಿಯುತ್ತ, "ಇದ್ನ ಐಕಳಿಗೂ ಏಳ್ದಾ?"

"ಹೇಳ್ದೆ."

"ಕೇಳ್ದೋರ್ ಯಾರು ಅಂತಾನೂವಾ?"

ತಟ್ಟೆ ನೋಡುತ್ತ "ಹೂಂ" ಎಂದೆ.

ಅಪ್ಪನ ಮುಖ ಅರಳಿದ್ದನ್ನು ನಾನು ನೋಡಬಾರದಿತ್ತು. ಒಲೆಯ ಮುಂದಿದ್ದ ಅವ್ವನ ಕಡೆ ತಿರುಗಿ, "ಕೇಳುಸ್ಕಂಡ್ಯಾ ಅಮ್ಮಿ? ಕಾಲೇಜಲ್ಲಿ ನನ್ ಮಾತ ಏಳವ್ನಂತೆ, ನಮ್ಮಪ್ಪ ಅಂತವ" ಎಂದ.

"ಇನ್ನೊಂಚೂರು ಸಾರು ಬುಡ್ಲಾ ಮಗ?" ಎಂದಳು ಅವ್ವ. ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದೆ.