ಐಲೀನ್ ಆಂಟಿಯ ಅಜ್ಜನ ತಂಗಿ

ಪಕ್ಕದ ಮನೆಯಿಂದ ಹಿಟ್ಟು ಬೇಯುವ, ಕೊನೆಗೆ ಸ್ವಲ್ಪ ಸೀಯುವ ವಾಸನೆ ಬಂತೆಂದರೆ ಅವತ್ತು ಭಾನುವಾರವೆಂದು ತಿಳಿಯಬೇಕು. ಎಪ್ಪತ್ತೊಂಬತ್ತರ ಐಲೀನ್ ಆಂಟಿ ಈಗ ಐರ್ಲೆಂಡಿನ ಸೋಡಾ ಬ್ರೆಡ್ ಮಾಡಲು ಕಲಿಯುತ್ತಿದ್ದಾರೆ. ಇವತ್ತು ಬೆಳಿಗ್ಗೆಯೂ ನಮ್ಮೆರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಮೇಲಿಂದ, ಬಟ್ಟೆಯಲ್ಲಿ ಸುತ್ತಿದ ಅರ್ಧ ಬ್ರೆಡ್ಡು ದಾಟಿ ಬಂತು. ಅದನ್ನು ಕತ್ತರಿಸಲು ನನ್ನ ಹೆಂಡತಿ ತೆಂಗಿನಕಾಯಿ ಒಡೆಯುವ ಕತ್ತಿಯನ್ನೇ ತೆಗೆದಳು. ಮಗಳು ಒಂದು ತುಂಡು ಬಾಯಿಗಿಟ್ಟು, "ಆಂಟಿ, ಇಟ್ಸ್ ವೆರಿ... ಸ್ಟ್ರಾಂಗ್ ಲಾ" ಎಂದಳು, ಈ ಊರಿನವರಂತೆ ಮಾತಿನ ಕೊನೆಗೊಂದು 'ಲಾ' ಅಂಟಿಸಿ. ಗೋಡೆಯಾಚೆಯಿಂದ ಜೋರು ನಗು. ಆ ನಗು ಕೇಳಿದಾಗೆಲ್ಲ ನನಗೆ ನನ್ನ ಅಮ್ಮನ ನೆನಪಾಗುತ್ತದೆ. ಯಾಕೆ ಅಂತೀರಾ? ಸ್ವಲ್ಪ ತಾಳ್ಮೆ ಇರಲಿ. ನಾನು ಮೇಷ್ಟ್ರು, ಏನು ಹೇಳಲು ಹೊರಟರೂ ಮುಕ್ಕಾಲು ಗಂಟೆ ಬೇಕು.

ಹದಿನಾಲ್ಕು ವರ್ಷದ ಹಿಂದೆ ನಾವು, ಮೊದಲು ಮಲಯಾ ಎನ್ನುತ್ತಿದ್ದ ಈ ದೇಶದ ಪೆಟಾಲಿಂಗ್ ಜಯಾಕ್ಕೆ ಬಂದಿಳಿದಾಗ ನಮಗೆ ಇಲ್ಲಿ ನಾಯಿಯ ಪರಿಚಯವೂ ಇರಲಿಲ್ಲ. ನಿಲಾಯ್‌ನ ವೈದ್ಯಕೀಯ ಕಾಲೇಜೊಂದರಲ್ಲಿ ಅನುವಂಶಿಕತೆಯ ಪಾಠ ಹೇಳುವ ಕೆಲಸ ನನ್ನದು. ಮೊದಲ ದಿನ ಮನೆಯಲ್ಲಿ ಗ್ಯಾಸ್ ಇಲ್ಲ, ಪಾತ್ರೆಯಿಲ್ಲ, ಹೆಂಡತಿಯ ಮುಖದಲ್ಲಿ ಕಳೆಯಿಲ್ಲ. ಆಗ ಗೋಡೆಯ ಮೇಲೆ ಬೆಳ್ಳಿಕೂದಲಿನ ತಲೆಯೊಂದು ಮೂಡಿ, "ಸುದಾ ಮಕಾನ್?" ಎಂದು ಕೇಳಿತು. ಇಲ್ಲಿಯ ಮಲಯ ಭಾಷೆಯಲ್ಲಿ ಊಟ ಆಯಿತಾ ಎಂದರ್ಥ. ಇಲ್ಲವೆಂದು ತಿಳಿದದ್ದೇ ಐಲೀನ್ ಆಂಟಿ ತಮಿಳು ಮುಸ್ಲಿಮರ ಮಮಾಕ್ ಅಂಗಡಿಯಿಂದ ಬಿಸಿ ರೊಟ್ಟಿ, ಸಾರು ಕಟ್ಟಿಸಿಕೊಂಡು ಬಂದರು. ಅವರು ಕಾನ್ವೆಂಟ್ ಶಾಲೆಯ ನಿವೃತ್ತ ಟೀಚರ್. ಮದುವೆಯಾಗಿಲ್ಲ. ಇದ್ದೊಬ್ಬ ಅಕ್ಕ, ನಾವು ಬಂದ ಮೇಲೆ, ಆಸ್ಟ್ರೇಲಿಯಾದಲ್ಲಿ ತೀರಿಕೊಂಡರು. ನನ್ನ ಮಗಳು ಹುಟ್ಟುವ ದಿನ ನಾನು ನಿಲಾಯ್ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದಿದ್ದಾಗ, ಹೆಂಡತಿಯನ್ನು ತಮ್ಮ ಹಳೆಯ ಕಾರಿನಲ್ಲಿ ಆಸ್ಪತ್ರೆಗೆ ಒಯ್ದವರೂ ಅವರೇ. ಮಗುವನ್ನು ನನಗಿಂತ ಮೊದಲು ಎತ್ತಿಕೊಂಡ ಕೈಗಳು ಅವು. ಇಂಥವರ ಋಣ ತೀರಿಸುವುದಕ್ಕೆ ಆಗುತ್ತದಾ ಹೇಳಿ.

ಆದರೆ ಆಂಟಿಗೂ ಒಂದು ಕೊರತೆಯಿತ್ತು. ಅವರ ಅಮ್ಮನ ಅಪ್ಪ ಜಾನ್ ಕೆಲ್ಲಿ ಐರ್ಲೆಂಡಿನವರು. ಸೆರೆಂಬಾನ್ ಹತ್ತಿರದ ರಬ್ಬರ್ ತೋಟಕ್ಕೆ ಕೆಲಸಕ್ಕೆಂದು ಬಂದು, ಇಲ್ಲಿಯ ಒಬ್ಬ ನರ್ಸನ್ನು ಮದುವೆಯಾಗಿ, ನೋರಾ ಎಂಬ ಹೆಣ್ಣುಮಗುವಾಗಿ, ಆ ಮಗುವಿಗೆ ಎರಡು ವರ್ಷವಾದಾಗ ಜ್ವರದಲ್ಲಿ ಹೋಗಿಬಿಟ್ಟರು. ತೋಟದವರು ಅವರ ಬಟ್ಟೆಬರೆಯ ಪೆಟ್ಟಿಗೆಯನ್ನು ಐರ್ಲೆಂಡಿಗೆ ಕಳುಹಿಸಿದರು. ಅಲ್ಲಿಂದ ಒಂದು ಸಾಲಿನ ಕಾಗದವೂ ಬರಲಿಲ್ಲ. ಕಪ್ಪು ಹೆಂಡತಿ, ಕಂದು ಮಗು ಅವರಿಗೆ ಬೇಡವಾಗಿತ್ತು ಎಂದು ನೋರಾ ನಂಬಿ ಬೆಳೆದರು, ನಂಬಿಯೇ ಸತ್ತರು. "ಬೇಡ ಅಂದವರ ಬಾಗಿಲು ಬಡೀಬೇಡ" ಎಂದು ಮಗಳು ಐಲೀನ್‌ಗೂ ಹೇಳಿಟ್ಟಿದ್ದರು.

ಆಂಟಿ ಒಮ್ಮೆ ನನ್ನ ಹತ್ತಿರ ಹೇಳಿದ್ದರು: "ನನಗೆ ಆಸ್ತಿ ಬೇಡ, ಅವರ ಪಾಸ್‌ಪೋರ್ಟ್ ಬೇಡ. ನಿಜವಾಗಿ ನಮ್ಮಮ್ಮ ಅವರಿಗೆ ಬೇಡವಾಗಿದ್ದಳಾ? ಅದೊಂದು ಗೊತ್ತಾಗಬೇಕು, ಅಷ್ಟೇ ಲಾ."

ಅನುವಂಶಿಕತೆಯ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ನಾನು ಹುಮ್ಮಸ್ಸಿನಿಂದ ಹೊರಟೆ. ಆಂಟಿಯ ಎಂಜಲನ್ನು ಕೊಳವೆಯಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸಿದೆವು. ಅಮೆರಿಕದ ತುಂಬ ದೂರದ ದಾಯಾದಿಗಳು ಸಿಕ್ಕರು. ಒಬ್ಬರೂ ಪತ್ರಕ್ಕೆ ಉತ್ತರಿಸಲಿಲ್ಲ. ನಾನು ದೊಡ್ಡ ಹಾಳೆಯ ಮೇಲೆ, ತರಗತಿಯಲ್ಲಿ ಬರೆಯುವ ಹಾಗೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕಿ ವಂಶದ ಚಿತ್ರ ಬರೆದೆ. ಜಾನ್, ಜಾನ್‌ನ ಅಪ್ಪ, ಅವನ ಅಪ್ಪ ಎಂದು ಚೌಕದಿಂದ ಚೌಕಕ್ಕೆ ಹತ್ತಿದೆ. ಐರ್ಲೆಂಡಿನಲ್ಲಿ ಜಾನ್ ಕೆಲ್ಲಿಯನ್ನು ಹುಡುಕುವುದೆಂದರೆ ಕುಂದಾಪುರದ ಬಸ್ ನಿಲ್ದಾಣದಲ್ಲಿ ನಿಂತು "ಶೆಟ್ರೇ" ಎಂದು ಕೂಗಿದ ಹಾಗೆ. ಎರಡು ವರ್ಷ ಕಳೆದವು, ಹಾಳೆಗಳು ಹತ್ತಾದವು. ಕೊನೆಗೆ ಆಂಟಿಯೇ, "ಸಾಕು ಲಾ. ಅಮ್ಮ ಸರಿಯಾಗೇ ಹೇಳಿದ್ದಳು" ಎಂದು ಕಾಗದಗಳನ್ನೆಲ್ಲ ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮುಚ್ಚಿದರು. ನನಗೆ ಅವತ್ತು ಬಹಳ ಬೇಜಾರಾಯಿತು. ಅವರಿಗಾಗಿ ಒಂದೇ ಒಂದು ಕೆಲಸ ಮಾಡಲು ಹೋಗಿ ಅದರಲ್ಲೂ ಸೋತಿದ್ದೆ.

ಅದೇ ಹೊತ್ತಿಗೆ ಮೂರು ತಿಂಗಳು ಇದ್ದು ಹೋಗಲು ನನ್ನ ಅಮ್ಮ ಬಂದಳು.

ಅಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಅವಳ ಹೆಸರು ಗುಲಾಬಿ. ಕುಂದಾಪುರದಿಂದ ಆಚೆಗೆ ಅವಳು ನೋಡಿದ್ದು ಕಡಿಮೆ, ಆದರೆ ಯಾರ ಮನೆಯವರು ಯಾರ ಮನೆಗೆ ಕೊಟ್ಟದ್ದು, ತಂದದ್ದು ಎಲ್ಲ ಅವಳ ನಾಲಿಗೆ ತುದಿಯಲ್ಲಿ. ಅಪರಿಚಿತರು ಸಿಕ್ಕಿದರೆ ಐದು ನಿಮಿಷದಲ್ಲಿ ಸಂಬಂಧ ತೆಗೆಯುತ್ತಾಳೆ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತಿದ್ದಾಗಲೇ ಮಣಿಪಾಲದ ಒಬ್ಬ ಡಾಕ್ಟರನ್ನು ಹಿಡಿದು, ಅವರು ತನ್ನ ಚಿಕ್ಕಮ್ಮನ ನಾದಿನಿಯ ಮಗ ಎಂದು ಸಾಬೀತು ಮಾಡಿಯೇ ಹೊರಗೆ ಬಂದಿದ್ದಳು. ಬಾಂಗ್ಸಾರ್‌ನ ಕಾಫಿ ಅಂಗಡಿಯಲ್ಲಿ ನನ್ನ ಸಹೋದ್ಯೋಗಿಗಳ ಎದುರು ಅವಳು ಇದನ್ನೇ ಶುರುಮಾಡಿದಾಗ ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದಿದ್ದೇನೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಅಮ್ಮನಿಗೆ ಇಂಗ್ಲಿಷ್ ಬಾರದು, ಆಂಟಿಗೆ ಕನ್ನಡ ಬಾರದು. ಆದರೂ ಗೋಡೆಯ ಮೇಲೆ ಒಬ್ಬಳ ಕರಿಬೇವು ಆ ಕಡೆಗೆ, ಇನ್ನೊಬ್ಬಳ, ಇಲ್ಲಿಯವರು ಅಡುಗೆಗೆ ಪರಿಮಳಕ್ಕೆ ಹಾಕುವ ಪಂದನ್ ಎಲೆ ಈ ಕಡೆಗೆ ಹೋಗಿಬರುತ್ತಿದ್ದವು. ಒಂದು ಸಂಜೆ ಆಂಟಿ ನಮ್ಮನ್ನು ಚಹಾಕ್ಕೆ ಕರೆದರು. ಗೋಡೆಯ ಮೇಲಿದ್ದ ನೋರಾ ಅವರ ಫೋಟೋ ನೋಡಿ ಅಮ್ಮ ವಿಚಾರಿಸಿದಳು. ನಾನು ಕಥೆ ಹೇಳಿದೆ. ಅಮ್ಮ ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ಇವ್ರ್ ಅಮ್ಮಂಗೆ ಹೆಸ್ರ್ ಕರ್ದದ್ದ್ ಯಾರ್? ಕೇಳ್."

"ಅಮ್ಮ, ಹಾಗೆಲ್ಲ ಕೇಳಬಾರದು. ಅವರಿಗೆ ಆ ವಿಷಯ ಸಾಕಾಗಿದೆ."

"ನೀ ಕೇಳ್ ಮಾರಾಯಾ."

ಆಂಟಿ ನಮ್ಮಿಬ್ಬರ ಮುಖ ನೋಡಿ, "ಏನಂತೆ? ಹೇಳು ಲಾ, ನಿಮ್ಮಮ್ಮ ಸುಮ್ಮನೆ ಕೇಳುವವರಲ್ಲ" ಎಂದರು. ನಾನು ಹಲ್ಲುಕಚ್ಚಿಕೊಂಡು ಅನುವಾದ ಮಾಡಿದೆ. ಪಾದ್ರಿಗಳೇ ಹೆಸರಿಡುವುದು ಎಂದರು ಆಂಟಿ.

"ಪಾದ್ರಿ ಅಲ್ಲ. ಮಗುನ್ ಎತ್ಕಂಡ್ ನಿಂತದ್ದ್ ಯಾರ್? ಅಪ್ಪನ್ ಅಕ್ಕ-ತಂಗಿ ಯಾರೂ ಇರ್ಲಿಲ್ಯಾ?"

ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನನ್ನ ಹೆಸರನ್ನು ನನ್ನ ಕಿವಿಗೆ ಹೇಳಿದವಳೂ ನನ್ನ ಸೋದರತ್ತೆಯೇ. ಅದು ಗೊತ್ತಿದ್ದೂ ಎರಡು ವರ್ಷ ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಆಂಟಿ ಎದ್ದುಹೋಗಿ ಬಿಸ್ಕತ್ತಿನ ಡಬ್ಬ ತಂದರು. ಅದರಲ್ಲಿ ನೋರಾ ಅವರ ಜ್ಞಾನಸ್ನಾನದ, ಅಂದರೆ ಇಗರ್ಜಿಯಲ್ಲಿ ಹೆಸರಿಟ್ಟಾಗಿನ ಚೀಟಿ. ನಾನು ಅದನ್ನು ಹತ್ತಾರು ಸಲ ನೋಡಿದ್ದೆ, ಅಪ್ಪನ ಹೆಸರಿನ ಸಾಲನ್ನು ಮಾತ್ರ. ಕೆಳಗೆ ಧರ್ಮಮಾತೆಯ ಜಾಗದಲ್ಲಿ, ಎಂದರೆ ಮಗುವನ್ನು ಎತ್ತಿಕೊಂಡು ನಿಲ್ಲಬೇಕಾದವಳ ಜಾಗದಲ್ಲಿ, ಬ್ರಿಜಿಟ್ ಗ್ರೇಡಿ ಎಂದಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಗೈರುಹಾಜರಿ, ಅವರ ಪರವಾಗಿ ಆಸ್ಪತ್ರೆಯ ದಾದಿಯೊಬ್ಬರು.

"ಯಾವುದೋ ತೋಟದ ದೊರೆಯ ಹೆಂಡತಿ ಅಂದುಕೊಂಡಿದ್ದೆವು" ಎಂದರು ಆಂಟಿ.

"ಊರಂಗೇ ಇಪ್ಪ ದೊರಿ ಹೆಂಡ್ತಿ ಆರೆ ಅವ್ಳೇ ಬಂದ್ ನಿಲ್ತಿದ್ಲ್" ಎಂದಳು ಅಮ್ಮ. "ಇದ್ ಅಜ್ಜನ್ ತಂಗಿ. ದೂರ ಇದ್ದದ್ದಕ್ಕೇ ಬೇರೆಯವ್ರನ್ನ್ ನಿಲ್ಸದ್ದ್."

"ಅಮ್ಮ, ಅವರ ಶಾಸ್ತ್ರ ಬೇರೆ, ನಮ್ಮದು ಬೇರೆ."

"ಶಾಸ್ತ್ರ ಬೇರೆ ಇರ್ಲಿ. ಅಣ್ಣ-ತಂಗಿ ಬೇರೆ ಆತ್ರಾ?"

ನಾನು ಇದನ್ನು ಇಂಗ್ಲಿಷಿಗೆ ತಂದಾಗ ಆಂಟಿ ನಗಲಿಲ್ಲ. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ, "ಹಾಗಾದರೆ ಅವಳು ಒಪ್ಪಿದ್ದಳು ಅಂತ ಆಯಿತಲ್ಲ. ನಮ್ಮಮ್ಮ ಹುಟ್ಟಿದ್ದು ಅವರಿಗೆ ಗೊತ್ತಿತ್ತು" ಎಂದರು.

ಮುಂದಿನದು ನನ್ನ ಕೆಲಸ. ಕೆಲ್ಲಿ ಮನೆಯ ಬ್ರಿಜಿಟ್, ಗ್ರೇಡಿ ಎಂಬುವನನ್ನು ಮದುವೆಯಾದ ದಾಖಲೆಗಳು ಆ ಕಾಲಕ್ಕೆ ಮೂರೇ ಸಿಕ್ಕವು. ಮೂರು ಊರಿನ ಇಗರ್ಜಿಗಳಿಗೆ ಮೂರು ಪತ್ರ ಬರೆದೆ. ಆದರೆ ಆಂಟಿ ಸಹಿ ಹಾಕಲು ಒಂದು ವಾರ ತೆಗೆದುಕೊಂಡರು. ಮಗುವಿನ ವಿಷಯ ಗೊತ್ತಿದ್ದೂ ಬೇಡವೆಂದಿದ್ದರೆ ಎಂಬ ಅಂಜಿಕೆ ಅವರಿಗೆ. ಗೊತ್ತಿಲ್ಲದೆ ಬಿಟ್ಟಿದ್ದರೆಂದು ಅಂದುಕೊಳ್ಳುವುದಕ್ಕೂ ಆಮೇಲೆ ದಾರಿಯಿರುವುದಿಲ್ಲ. ಅಮ್ಮ ದಿನಾ ಸಂಜೆ ಅವರ ಅಂಗಳದಲ್ಲಿ ಹೋಗಿ ಕೂತು, ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಇಂಗ್ಲಿಷಿನಲ್ಲಿ, ಅದೇನು ಮಾತಾಡಿಕೊಂಡರೋ ದೇವರಿಗೇ ಗೊತ್ತು. ಎಂಟನೆಯ ದಿನ ಆಂಟಿ ಸಹಿ ಮಾಡಿದ ಪತ್ರಗಳನ್ನು ನನ್ನ ಕೈಗಿಟ್ಟರು.

ಆರು ವಾರದ ಮೇಲೆ ಉತ್ತರ ಬಂತು. ಮೊಯಿರಾ ಗ್ರೇಡಿ ಎಂಬ ಹೆಂಗಸು. ಬ್ರಿಜಿಟ್ ತನ್ನ ಅಜ್ಜಿ, ಕೆಲ್ಲಿ ಮನೆಯಲ್ಲಿ ಗಂಡುಮಕ್ಕಳೆಂದರೆ ಜಾನ್ ಒಬ್ಬನೇ, ಆ ಹೆಸರು ಊರಿನಲ್ಲಿ ಎಂದೋ ಮುಗಿದುಹೋಯಿತು ಎಂದು ಬರೆದಿದ್ದರು. ನನ್ನ ಚೌಕಗಳೆಲ್ಲ ಅಲ್ಲಿಗೆ ಮಣ್ಣುಪಾಲಾದವು. ಉಳಿದದ್ದನ್ನು ಮುಖ ನೋಡಿಯೇ ಹೇಳುತ್ತೇನೆ ಎಂದಿದ್ದರು.

ಒಂದು ಶನಿವಾರ ಸಂಜೆ ಐದಕ್ಕೆ, ಅಲ್ಲಿ ಬೆಳಗ್ಗೆ, ವಿಡಿಯೊ ಕರೆ. ಆಂಟಿ ಲಿಪ್‌ಸ್ಟಿಕ್ ಹಚ್ಚಿ, ಮುತ್ತಿನ ಸರ ಹಾಕಿ, ತಾವು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಕೂತಿದ್ದರು. ಪಕ್ಕದಲ್ಲಿ ಅಮ್ಮ, ಹಿಂದೆ ನಾನು. ಪರದೆಯಲ್ಲಿ ಕೆಂಪು ಕೆನ್ನೆಯ ಮುದುಕಿಯೊಬ್ಬರು ಮೂಡಿದರು. ಆಂಟಿ ಚೀಟಿ ನೋಡಿ, "ನನ್ನ ಹೆಸರು ಐಲೀನ್. ನಿಮಗೆ ತೊಂದರೆ ಕೊಡುವುದು..." ಎಂದು ಶುರುಮಾಡಿದ್ದರಷ್ಟೆ.

"ನೋರಾಳ ಮಗಳಾ ನೀನು?" ಎಂದರು ಮೊಯಿರಾ.

ಆಂಟಿಯ ಕೈಯಿಂದ ಚೀಟಿ ಜಾರಿತು. ಪತ್ರದಲ್ಲಿ ನಾವು ಬರೆದೇ ಇರದ ನೋರಾ ಎಂಬ ಹೆಸರು ಅವರಿಗೆ ಹೇಗೆ ಅಷ್ಟು ಸಲೀಸು?

ಮೊಯಿರಾ ಹೇಳಿದರು. ಜಾನ್ ಸತ್ತ ಮೇಲೆ ಬ್ರಿಜಿಟ್ ತೋಟದ ವಿಳಾಸಕ್ಕೆ ಕಾಗದ ಬರೆಯುತ್ತಲೇ ಇದ್ದಳು. ತಾಯಿ ಮಗು ಅಷ್ಟರಲ್ಲಿ ತೋಟದ ಮನೆ ಬಿಟ್ಟು ಸೆರೆಂಬಾನ್ ಪೇಟೆ ಸೇರಿದ್ದರು. ಕಾಗದಗಳೆಲ್ಲ ಒಡೆಯದೆ ವಾಪಸು ಬಂದವು. ಆಮೇಲೆ ಯುದ್ಧ. ತಾವೇ ಅವರಿಗೆ ಬೇಡವಾದೆವೇನೋ ಎಂದು ಬ್ರಿಜಿಟ್ ಅಳುತ್ತಿದ್ದಳಂತೆ. "ನಮ್ಮ ಮನೆಯಲ್ಲಿ ಸಂಜೆ ಪ್ರಾರ್ಥನೆಯ ಕೊನೆಗೆ ಮನೆಯವರೆಲ್ಲರ ಹೆಸರು ಹೇಳುತ್ತೇವೆ. ಕೊನೆಯ ಹೆಸರು ಮಲಯಾದ ನೋರಾ. ಅಜ್ಜಿ ಹೇಳುತ್ತಿದ್ದಳು, ಅಪ್ಪ ಹೇಳುತ್ತಿದ್ದ, ಈಗ ನಾನು, ನನ್ನ ಮೊಮ್ಮಕ್ಕಳು. ಅವಳು ಯಾರು ಅಂತ ಮಕ್ಕಳು ಕೇಳಿದರೆ, ಎಲ್ಲಿದ್ದಾಳೋ ಗೊತ್ತಿಲ್ಲ, ನಮ್ಮವಳು, ಹೇಳಿ ಅನ್ನುತ್ತೇನೆ. ನಿನ್ನೆ ಸಂಜೆಯೂ ಹೇಳಿದ್ದೇವೆ."

ಆಂಟಿ ಜೋರಾಗಿ ಅತ್ತರು. ಶಿಸ್ತಿನ ಕಾನ್ವೆಂಟ್ ಟೀಚರ್, ಅಕ್ಕ ಸತ್ತ ಸುದ್ದಿ ಬಂದಾಗಲೂ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅಮ್ಮ ನನ್ನ ತೋಳು ತಿವಿದು "ಎಂತ ಅಂದ್ರ್? ಎಂತ ಅಂದ್ರ್?" ಎನ್ನುತ್ತಿದ್ದಳು. ನಾನು ಅನುವಾದ ಶುರುಮಾಡುವ ಮೊದಲೇ ಅವಳು ನನ್ನನ್ನು ಬಿಟ್ಟು ಆಂಟಿಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಅವಳಿಗೆ ಅನುವಾದ ಬೇಕಾಗಿರಲಿಲ್ಲ.

ಇದಾಗಿ ಒಂದೂವರೆ ವರ್ಷವಾಯಿತು. ಅಮ್ಮ ಊರಿನಲ್ಲಿ ನನ್ನ ತಂಗಿಯ ಮನೆಯಲ್ಲಿ, ಊರವರಿಗೆಲ್ಲ ಸಂಬಂಧ ತೆಗೆಯುತ್ತ ಸುಖವಾಗಿದ್ದಾಳೆ. ಇವತ್ತು ಮಧ್ಯಾಹ್ನ ಫೋನ್ ಮಾಡಿ, ಆಂಟಿ ಬೆಳಿಗ್ಗೆ ಗೋಡೆಯ ಮೇಲಿಂದ ಹೇಳಿದ ಸುದ್ದಿಯನ್ನು ಅವಳಿಗೆ ತಲುಪಿಸಿದೆ. ಮೊಯಿರಾ ಮನೆಯ ಮಕ್ಕಳು ಈಗ ಸಂಜೆ ಪ್ರಾರ್ಥನೆಯಲ್ಲಿ ನೋರಾ ಆದ ಮೇಲೆ ಐಲೀನ್ ಅನ್ನುತ್ತಾರಂತೆ. ಐಲೀನ್ ಆದ ಮೇಲೆ ಇನ್ನೊಂದು ಹೆಸರು ಸೇರಿದೆಯಂತೆ: ಕುಂದಾಪುರದ ಗುಲಾಬಿ.

"ನನ್ನ್ ಹೆಸ್ರಾ?" ಎಂದಳು. ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು.

"ಹಾಂಗಾರೆ ಅವ್ರ್ ನಮ್ಗ್ ಎಂತ ಆಯ್ಕ್ ಮಗಾ?"

ಹಿಂದಿನ ನಾನಾಗಿದ್ದರೆ ಏನೂ ಆಗಬೇಕಾಗಿಲ್ಲ, ರಕ್ತಸಂಬಂಧವೇ ಇಲ್ಲ ಎಂದು ಪಾಠ ಶುರುಮಾಡುತ್ತಿದ್ದೆ.

"ನಮ್ಮವ್ರೇ ಅಮ್ಮ" ಅಂದೆ.